ಓಲೆ ದನದ ಕಿವಿಯಲ್ಲಿದೆ, ದಾಖಲೆಯಲ್ಲಿ ಹೆಸರು ಯಾರದು?

ನೆರಿಯದ ಹೈನುಗಾರ ಬಂಧುಗಳೇ,

ನಿಮ್ಮ ಹಟ್ಟಿಯ ದನದ ಕಿವಿಯಲ್ಲಿ ಹಳದಿ ಓಲೆ ಇದೆಯಲ್ಲ, ಒದ್ದೆ ಬಟ್ಟೆಯಿಂದ ಸೆಗಣಿ ಒರೆಸಿ ಒಮ್ಮೆ ನೋಡಿ. 12 ಅಂಕಿಗಳಿವೆ, ಅಷ್ಟೇ. ನಿಮ್ಮ ಹೆಸರು, ಊರು, ಮೊಬೈಲ್ ನಂಬರ್ ಎಲ್ಲ ಇರುವುದು ‘ಭಾರತ್ ಪಶುಧನ್’ ಎಂಬ ಕಂಪ್ಯೂಟರ್ ದಾಖಲೆಯಲ್ಲಿ. ಓಲೆ ಹಾಕಿದ ದಿನ ಬರೆಸಿದ್ದು ನಾವಾಗಿ ಹೋಗಿ ತಿದ್ದಿಸುವವರೆಗೆ ಹಾಗೇ ಇರುತ್ತದೆ.

ನಮ್ಮಲ್ಲಿ ದನದ ವ್ಯಾಪಾರ ನಡೆಯುವ ರೀತಿ ಗೊತ್ತೇ ಇದೆ. ಹಾಲು ಕರೆದು ನೋಡಿ, ರೇಟು ಮಾತಾಡಿ, ದುಡ್ಡು ಎಣಿಸಿ ಹಗ್ಗ ಕೈಗಿತ್ತರೆ ಮುಗಿಯಿತು. ದನ ಕಕ್ಕಿಂಜೆಗೋ ಪುದುವೆಟ್ಟಿಗೋ ಹೋಗಿ ಎರಡು ಕರು ಹಾಕಿದರೂ ದಾಖಲೆಯಲ್ಲಿ ಅದು ನಿಮ್ಮದೇ. 2020ರ ಜಾನುವಾರು ಸಂರಕ್ಷಣಾ ಕಾಯ್ದೆ ಬಂದ ಮೇಲೆ ದನ ಸಾಗಾಟ ಎಷ್ಟು ಸೂಕ್ಷ್ಮ ವಿಷಯ ಎಂದು ಬೆಳ್ತಂಗಡಿ ತಾಲೂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೀವು ಎಂದೋ ಮಾರಿದ ದನ ಎಲ್ಲೋ ಸಿಕ್ಕಿಬಿದ್ದು, ಯಾರೋ ನಂಬರ್ ಒತ್ತಿ ನೋಡಿದರೆ ಬರುವುದು ನಿಮ್ಮ ಹೆಸರು.

ಕೊಂಡವರ ಪಾಡು ಇನ್ನೂ ಕಷ್ಟ. ವಿಮೆಯವರು ಮೊದಲು ಕೇಳುವುದೇ ಓಲೆ. ಓಲೆ ಇಲ್ಲದಿದ್ದರೆ ಕ್ಲೈಮ್ ಇಲ್ಲ. ಓಲೆ ಇದ್ದು ಪಾಲಿಸಿ ಹಳೆಯ ಯಜಮಾನನ ಹೆಸರಿನಲ್ಲೇ ಉಳಿದಿದ್ದರೆ ಸತ್ತ ದನದ ಎದುರು ಕೂತು ಕಾಗದ ಹುಡುಕಬೇಕು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಸತ್ತ ಹಸುವಿಗೆ 20,000 ರೂಪಾಯಿ, ಎತ್ತಿಗೆ 30,000, ಕರುವಿಗೆ 5,000 ಎಂದು ಸರಕಾರ ಪರಿಹಾರ ಘೋಷಿಸಿತ್ತು. ಅಂಥ ಹೊತ್ತಿನಲ್ಲಿ ದನ ಯಾರದೆಂಬ ಜಗಳಕ್ಕೆ ಸಮಯ ಎಲ್ಲಿದೆ?

‘ಕಳ್ಳ ಬಂದರೆ ಓಲೆಯನ್ನೇ ಕತ್ತರಿಸುತ್ತಾನೆ, ಮತ್ತೆ ಇದರಿಂದೇನು’ ಎನ್ನುವವರಿದ್ದಾರೆ. ಹೌದು, ಕತ್ತರಿಸುತ್ತಾನೆ, ಓಲೆ ಬೀಗವಲ್ಲ. ಆದರೆ ಗುಡ್ಡೆಗೆ ಮೇಯಲು ಹೋಗಿ ದಾರಿ ತಪ್ಪಿದ ದನವೆಲ್ಲ ಕಳ್ಳನ ಪಾಲಾಗುವುದಿಲ್ಲ. ಯಾರದೋ ತೋಟದಲ್ಲಿ ಕಟ್ಟಿಹಾಕಿದ ದನದ ನಂಬರ್ ಹಾಕಿದಾಗ ಚಾಲ್ತಿಯಲ್ಲಿಲ್ಲದ ಹಳೆ ಸಿಮ್‌ಗೆ ಕರೆ ಹೋದರೆ ಏನು ಪ್ರಯೋಜನ?

ಇಂಗ್ಲೆಂಡಿನಲ್ಲಿ 2016ರಿಂದ ಸಾಕುನಾಯಿಗೆ ಮೈಕ್ರೋಚಿಪ್ ಕಡ್ಡಾಯ. ಚಿಪ್ ಇದ್ದರೂ ಯಜಮಾನನ ವಿಳಾಸ ಹಳತಾಗಿದ್ದರೆ 500 ಪೌಂಡ್‌ವರೆಗೆ ದಂಡ. ನಮಗೆ ದಂಡ ಬೇಡ, ಆ ಅಚ್ಚುಕಟ್ಟು ಬಂದರೆ ಸಾಕು.

ದನ ಮಾರಿದರೆ, ಸತ್ತರೆ, ಮೊಬೈಲ್ ನಂಬರ್ ಬದಲಾದರೆ ಪಶು ಆಸ್ಪತ್ರೆಗೆ ತಿಳಿಸಿ. ವಿಮೆ ಇದ್ದರೆ ವಿಮೆಯವರಿಗೆ ಬೇರೆಯೇ ತಿಳಿಸಬೇಕು. ಬೇಲಿಗೆ ಸಿಕ್ಕಿ ಓಲೆ ಹರಿದುಹೋದರೆ ಹೊಸದು ಹಾಕಿಸುವಾಗ ಹಳೆಯ ನಂಬರನ್ನೂ ಕೊಡಿ. ಇಲ್ಲದಿದ್ದರೆ ಹಾಕಿಸಿದ ಲಸಿಕೆ, ಗಬ್ಬದ ಲೆಕ್ಕವೆಲ್ಲ ಹಳೆ ನಂಬರಿನಲ್ಲೇ ಉಳಿದುಬಿಡುತ್ತದೆ. ಇವತ್ತೇ ಓಲೆಯ ಒಂದು ಫೋಟೋ ತೆಗೆದಿಡಿ.

ಹಾಲಿನ ಸೊಸೈಟಿಯವರಲ್ಲೂ ಒಂದು ವಿನಂತಿ: ಬಟವಾಡೆಯ ದಿನ ಮೇಜಿನ ಮೇಲೆ ಒಂದು ಪುಸ್ತಕ ಇಡಿ. ದನ ಕೊಟ್ಟವರು, ಕೊಂಡವರು ಓಲೆ ನಂಬರ್ ಬರೆದು ಹೋಗಲಿ. ಮುಂದಿನ ಕಾಲುಬಾಯಿ ಜ್ವರದ ಲಸಿಕೆಗೆ ಇಲಾಖೆಯವರು ಬಂದಾಗ ಆ ಪುಸ್ತಕ ಅವರ ಕೈಗೆ ಕೊಡೋಣ.

— ನೆರಿಯದ ಕೆಲವು ಹೈನುಗಾರರು