ವಿಲಾಯತಿ ಅತಿಥಿಗಳು, ಊರಿನ ಉದ್ರಿ

ಕ್ರಿಸ್‌ಮಸ್ ಸಮೀಪಿಸಿತೆಂದರೆ ಬೀದರಿನ ಮಂಗಲಪೇಟೆ ಕಡೆಗೆ, ಭಾಲ್ಕಿ ಬಸ್ ಸ್ಟ್ಯಾಂಡಿನ ಚಹಾದಂಗಡಿಗಳಲ್ಲಿ, ಔರಾದ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ಸುದ್ದಿ ತಿರುಗಾಡತೊಡಗುತ್ತದೆ. "ಈ ಸಲ ಫಾರಿನ್‌ದವರು ಬರ್ಲಾಕತ್ತಾರಂತ್ರಿ!" ಎಷ್ಟು ಮಂದಿ, ಯಾವ ದೇಶದವರು, ಯಾವ ತಾರೀಖಿಗೆ ಎಂದು ಕೇಳಿದರೆ ಸರಿಯಾದ ಉತ್ತರವಿಲ್ಲ. ಆದರೆ ಅಷ್ಟರಲ್ಲಿ ಶಾಮಿಯಾನದವನಿಗೆ ಹೇಳಿಯಾಗಿರುತ್ತದೆ, ಪ್ರಾರ್ಥನಾ ಮಂದಿರದ ಗೋಡೆಗೆ ಸುಣ್ಣ ಬಿದ್ದಿರುತ್ತದೆ, ಕಿರಾಣಿ ಅಂಗಡಿಯ ವಹಿಯಲ್ಲಿ ಹೊಸ ಹಾಳೆ ತೆರೆದಿರುತ್ತದೆ. ರೊಕ್ಕ ಯಾವಾಗ? "ಅವರು ಬಂದ ಮ್ಯಾಲೆ ಚುಕ್ತಾ."

ಈ ಕೊನೆಯ ಮಾತಿನಲ್ಲಿಯೇ ಇರುವುದು ಎಲ್ಲ ತೊಡಕು.

ಈ ಜಿಲ್ಲೆಗೆ ಕಡಲಾಚೆಯ ಸಭೆಗಳ ನಂಟು ಹೊಸದೇನೂ ಅಲ್ಲ. ನಿಜಾಮರ ಕಾಲದಲ್ಲಿಯೇ ಅಮೆರಿಕದ ಮೆಥಡಿಸ್ಟ್ ಮಿಶನರಿಗಳು ಬೀದರಿಗೆ ಬಂದರು. ಆಗಿನವರು ಹಡಗಿನಲ್ಲಿ ಬಂದವರು, ವರ್ಷಗಟ್ಟಲೆ ನಿಂತವರು, ಇಲ್ಲಿಯ ಭಾಷೆ ಕಲಿತವರು. ಶಾಲೆ, ದವಾಖಾನೆ ಅವರ ಕಾಲದ ಗುರುತು. 1981ರ ಜನವರಿ 7ರಂದು ಭಾರತದ ಮೆಥಡಿಸ್ಟ್ ಸಭೆ ಸ್ವತಂತ್ರ ಆಡಳಿತಕ್ಕೆ ಬಂದಿತು. ಅಂದಿನಿಂದ ವಿಲಾಯತಿಯವರು ಬಂದರೆ ನೆಂಟರಾಗಿ ಬರಬೇಕೇ ಹೊರತು ಯಜಮಾನರಾಗಿ ಅಲ್ಲ. ಈಗಿನ ನೆಂಟರಂತೂ ಹತ್ತು ಹದಿನೈದು ದಿನದವರು. ಶಂಷಾಬಾದಿನಲ್ಲಿ ವಿಮಾನ ಇಳಿದು, ಜಹೀರಾಬಾದಿನ ಮೇಲೆ ಕಾರಿನಲ್ಲಿ ಬಂದು, ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು ಹೋಗುವವರು. ಅವರು ಕೆಟ್ಟವರೆಂದಲ್ಲ, ಅಲ್ಲಿ ತಿಂಗಳುಗಟ್ಟಲೆ ಚಂದಾ ಎತ್ತಿ, ಸೂಜಿ ಚುಚ್ಚಿಸಿಕೊಂಡು, ಸಭೆ ಮೇಲೆ ಸಭೆ ನಡೆಸಿ ತಯಾರಾಗಿ ಬಂದಿರುತ್ತಾರೆ. ಇಲ್ಲಿಯ ತಯಾರಿ ಮಾತ್ರ ಹಾರ, ಶಾಲು, ಬಿರಿಯಾನಿಯಲ್ಲಿ ಮುಗಿಯುತ್ತದೆ. "ನಿಮ್ಮದು ಯಾವ ವೀಸಾ?" ಎಂದು ಕೇಳುವುದು ಮರ್ಯಾದೆಗೇಡೆಂದು ಯಾರೂ ಕೇಳುವುದಿಲ್ಲ.

ಕೇಳಲೇಬೇಕಾದ ಪ್ರಶ್ನೆ ಅದು. ಪ್ರವಾಸಿ ವೀಸಾದಲ್ಲಿ ಬಂದವರು ಕೋಟೆ ನೋಡಬಹುದು, ಗೆಳೆಯರ ಮನೆಗೆ ಹೋಗಬಹುದು, ಭಾನುವಾರದ ಆರಾಧನೆಯಲ್ಲಿ ಕುಳಿತು ಕೇಳಬಹುದು. ಒಂದು ತಿಂಗಳೊಳಗಿನ, ಸಂಬಳವಿಲ್ಲದ ಸ್ವಯಂಸೇವೆಗೂ ಅವಕಾಶವಿದೆ. ಅಂದರೆ ಶಾಲೆಯ ಗೋಡೆಗೆ ಬಣ್ಣ ಬಳಿಯಲಿ, ಅಡ್ಡಿಯಿಲ್ಲ. ಆದರೆ ವೇದಿಕೆ ಹತ್ತಿ ಧರ್ಮೋಪದೇಶ ಮಾಡುವುದು, ಧರ್ಮದ ಕರಪತ್ರ ಹಂಚುವುದು ಕೂಡದು. ಮಿಶನರಿ ವೀಸಾ ಎಂಬುದು ಬೇರೆಯೇ ಇದೆ, ಅದೂ ಮತಾಂತರಕ್ಕೆ ಕೊಟ್ಟ ಪರವಾನಗಿಯಲ್ಲ. ರಾಜ್ಯದಲ್ಲಿ 2022ರಲ್ಲಿ ಬಂದ ಮತಾಂತರ ಕಾಯ್ದೆಯನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತು, ಹಾಗಾಗಿ ಈಗ ಭಯವಿಲ್ಲ ಎಂದು ಕೆಲವರ ಅಂಬೋಣ. ಅದು ಬೆಂಗಳೂರಿನ ಮಾತು. ವೀಸಾ ದಿಲ್ಲಿಯದು.

ಈ ನಿಯಮ ಒಂದೇ ಧರ್ಮದ ಮೇಲೆ ಇರುವಂಥದೂ ಅಲ್ಲ. 2020ರ ಏಪ್ರಿಲ್‌ನಲ್ಲಿ ತಬ್ಲೀಗ್ ಜಮಾತಿಗೆ ಬಂದಿದ್ದ 960 ವಿದೇಶಿಯರ ವೀಸಾ ರದ್ದಾಗಿ ಅವರ ಹೆಸರು ಕಪ್ಪುಪಟ್ಟಿ ಸೇರಿದ್ದು ಪ್ರವಾಸಿ ವೀಸಾದಲ್ಲಿ ಧರ್ಮಪ್ರಚಾರ ಮಾಡಿದರೆಂಬ ಆರೋಪದ ಮೇಲೆಯೇ. ಇನ್ನು ನಮ್ಮೂರಿನವರೇ ಆಗಿ, ಅಮೆರಿಕದ ಪೌರತ್ವ ಪಡೆದು, ಓಸಿಐ ಕಾರ್ಡು ಜೇಬಿನಲ್ಲಿಟ್ಟುಕೊಂಡು ಬರುವವರಿದ್ದಾರೆ. "ನಾ ಇಲ್ಲೇ ಹುಟ್ಟಿದವ, ನನಗ್ಯಾಕ ಪರ್ಮಿಶನ್?" ಎಂಬುದು ಅವರ ವಾದ. 2021ರ ಮಾರ್ಚ್‌ನ ಅಧಿಸೂಚನೆಯ ಪ್ರಕಾರ ಮಿಶನರಿ ಕೆಲಸಕ್ಕೆ ಅವರೂ ವಿಶೇಷ ಅನುಮತಿ ಪಡೆಯಲೇಬೇಕು.

ಅತಿಥಿಗೆ ಆಗುವುದೇನು? ಸಾಮಾನ್ಯವಾಗಿ ವಿಮಾನ ಹತ್ತಿಸುತ್ತಾರೆ. ಉಳಿಯುವವನು ಕರೆಸಿದವನು. ಪೊಲೀಸರು ಬಾಗಿಲು ತಟ್ಟುವುದು ಔರಾದಿನ ಹಳ್ಳಿಯ ಪಾಸ್ಟರರ ಮನೆಯದನ್ನು. ಲಾಡ್ಜ್ ಮಾಲೀಕರಿಗೂ ಇದರಲ್ಲಿ ಪಾಲಿದೆ: ವಿದೇಶಿಯರು ತಂಗಿದ 24 ಗಂಟೆಯೊಳಗೆ ಅವರ ಮಾಹಿತಿ ಆನ್‌ಲೈನಿನಲ್ಲಿ ಸೇರಬೇಕು. ಮನೆಯಲ್ಲಿ ಇಳಿಸಿಕೊಂಡವರಿಗೂ ಇದು ತಪ್ಪಿದ್ದಲ್ಲ. ವಿದೇಶಿಯರ ಹಳೆಯ ಕಾಯ್ದೆಗಳ ಜಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಜಾರಿಗೆ ಬಂದಿದೆಯೆಂಬುದು ನೆನಪಿರಲಿ.

ಈಗ ರೊಕ್ಕದ ವಿಚಾರ. ಅಂಗಡಿಯವರು ಇದನ್ನು ಎರಡು ಸಲ ಓದುವುದು ಒಳ್ಳೇದು.

ಅತಿಥಿ ಹಳ್ಳಿಗೆ ಬರುತ್ತಾನೆ, ಸೋರುವ ಮಾಳಿಗೆ ನೋಡುತ್ತಾನೆ, ಕಣ್ಣಲ್ಲಿ ನೀರು ತರುತ್ತಾನೆ, "ಊರಿಗೆ ಹೋಗಿ ಹಣ ಕಳಿಸುತ್ತೇನೆ" ಎನ್ನುತ್ತಾನೆ. ಮಾತು ಸುಳ್ಳಲ್ಲ, ಮನಸ್ಸೂ ಸುಳ್ಳಲ್ಲ. ಮರುದಿನವೇ ಸಿಮೆಂಟು, ಕಬ್ಬಿಣ ಉದ್ರಿಯಲ್ಲಿ ಇಳಿಯುತ್ತದೆ. ಆದರೆ ಆ ಹಣ ಬರುವ ದಾರಿ ಎಲ್ಲಿದೆ? ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದ ಸಂಸ್ಥೆ ಒಂದು ಪೈಸೆಯನ್ನೂ ತೆಗೆದುಕೊಳ್ಳುವಂತಿಲ್ಲ. ನೋಂದಣಿ ಇದ್ದರೂ 2020ರ ತಿದ್ದುಪಡಿಯ ನಂತರ ಹಣ ಮೊದಲು ಇಳಿಯಬೇಕಾದದ್ದು ದಿಲ್ಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲಿ. ಭಾಲ್ಕಿ ಶಾಖೆಗೆ ಅದು ಬರುವುದು ಆಮೇಲೆ.

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ಮುಂಚೆ ಬೆಂಗಳೂರಿನದೋ ಹೈದರಾಬಾದಿನದೋ ದೊಡ್ಡ ಸಂಸ್ಥೆ ಹಣ ತರಿಸಿ ಔರಾದಿನ ಸಣ್ಣ ಟ್ರಸ್ಟಿಗೆ ಒಂದಿಷ್ಟು ದಾಟಿಸಬಹುದಿತ್ತು. ಅದೇ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡುವಂತಿಲ್ಲ. ದೊಡ್ಡವರು ಹೇಗೋ ತಡೆದುಕೊಂಡಾರು. ಪೆಟ್ಟು ಬಿದ್ದದ್ದು ಹಳ್ಳಿಯ ಸಣ್ಣ ಸಭೆಗೆ.

"ಹಂಗಾದ್ರ ಕೈಯಾಗ ಕೊಟ್ಟು ಹೋಗ್ಲಿ, ಡಾಲರ್ ಬ್ಯಾಡ, ನಮ್ಮ ನೋಟೇ ಕೊಡ್ಲಿ" ಎನ್ನುವ ಜಾಣರೂ ಇದ್ದಾರೆ. ವಿದೇಶಿಯ ಕೈಯಿಂದ ರೂಪಾಯಿ ನೋಟಿನಲ್ಲಿ ಬಂದರೂ ಕಾನೂನಿನ ಕಣ್ಣಿಗೆ ಅದು ವಿದೇಶಿ ದೇಣಿಗೆಯೇ. ದುಬೈಯಲ್ಲಿ ದುಡಿಯುವ ಔರಾದಿನ ಹುಡುಗ, ಭಾರತದ ಪಾಸ್‌ಪೋರ್ಟಿನವನು, ತನ್ನ ಗಳಿಕೆಯಿಂದ ಊರ ಸಭೆಗೆ ಕೊಟ್ಟರೆ ಅದು ಬೇರೆ ಮಾತು, ಅದಕ್ಕೆ ಈ ಕಾಯ್ದೆ ತಗಲುವುದಿಲ್ಲ. ಓಸಿಐ ಕಾರ್ಡಿನ ಚಿಕ್ಕಪ್ಪ ಕೊಟ್ಟರೆ ತಗಲುತ್ತದೆ. ಒಂದೇ ಮನೆಯ ಇಬ್ಬರಿಗೆ ಎರಡು ಕಾನೂನು. ವಿಚಿತ್ರವೆನಿಸಿದರೂ ಇರುವುದು ಹಾಗೆಯೇ.

ಹೀಗಾಗಿ ಶಾಮಿಯಾನದವರು, ಕಿರಾಣಿಯವರು, ಸಿಮೆಂಟಿನವರು ವಹಿ ಬಿಚ್ಚುವ ಮುಂಚೆ ಸಭೆಯ ಖಜಾಂಚಿಯನ್ನು ಕೇಳಬೇಕಾದದ್ದು ಒಂದೇ: ಈ ಹಣ ಊರವರ ಚಂದಾದ್ದೋ, ಕಡಲಾಚೆಯದೋ? ಊರವರ ಚಂದಾ ಎಂದರೆ ಬರೆದುಕೊಳ್ಳಲಿ. ಕಡಲಾಚೆಯದೆಂದರೆ ನೋಂದಣಿ ಕಾಗದ ತೋರಿಸಲಿ. ಇದರಲ್ಲಿ ಯಾರ ಧರ್ಮಕ್ಕೂ ಅವಮಾನವಿಲ್ಲ. ಜಾತ್ರೆಯ ಕಮಿಟಿಗೂ ಉರುಸಿನ ಕಮಿಟಿಗೂ ಅಂಗಡಿಯವರು ಲೆಕ್ಕ ಕೇಳುತ್ತಾರಲ್ಲ!

ಇಲ್ಲಿಂದ ಅಲ್ಲಿಗೆ ಹೋಗುವವರ ಕಥೆಯೂ ಒಂದಿದೆ. ಅಲ್ಲಿಯ ಸಭೆಯವರು ಟಿಕೆಟು, ಊಟ, ವಸತಿ ಕೊಟ್ಟು ಕರೆಯುತ್ತಾರೆ. ಪಾಸ್‌ಪೋರ್ಟಿಗೆ ಅರ್ಜಿ, ಪೊಲೀಸ್ ವಿಚಾರಣೆ, ಹೊಸ ಸೂಟು ಎಲ್ಲ ಸಿದ್ಧವಾಗುತ್ತದೆ. ಸಭೆಯ ಹಿರಿಯರು ಸರಕಾರಿ ಶಾಲೆಯ ಮಾಸ್ತರರಾಗಿದ್ದರೆ ಮಾತ್ರ ಅಷ್ಟು ಸಾಲದು. ಸರಕಾರಿ ನೌಕರರು ವಿದೇಶದವರ ಖರ್ಚಿನಲ್ಲಿ ಪರದೇಶದ ಆತಿಥ್ಯ ಸ್ವೀಕರಿಸಬೇಕಾದರೆ ಅದೇ ದೇಣಿಗೆ ಕಾಯ್ದೆಯ 6ನೇ ಕಲಮಿನಂತೆ ಕೇಂದ್ರ ಗೃಹ ಇಲಾಖೆಯ ಅನುಮತಿ ಮುಂಚೆಯೇ ಬೇಕು. ಇಲಾಖೆಯ ಒಪ್ಪಿಗೆ, ಆಮಂತ್ರಣ ಪತ್ರ ಸಮೇತ ಅರ್ಜಿ ಪ್ರಯಾಣಕ್ಕೆ ಎರಡು ವಾರ ಮೊದಲಾದರೂ ದಿಲ್ಲಿ ಮುಟ್ಟಬೇಕು. ರಜೆ ಚೀಟಿ ಬರೆದು ಹೆಡ್ ಮಾಸ್ತರರ ಮೇಜಿನ ಮೇಲಿಟ್ಟು ಶಂಷಾಬಾದಿಗೆ ಹೊರಟರೆ ಅದು ಆ ಅನುಮತಿಯಾಗುವುದಿಲ್ಲ.