ಫೋನಿಗೆ ಬೀಗ ಹಾಕಿ, ವಿದ್ಯೆಗಲ್ಲ

ಬ್ರಿಟನ್ನಿನ ‘ನ್ಯೂಸ್ ಆಫ್ ದ ವರ್ಲ್ಡ್’ ಪತ್ರಿಕೆ 168 ವರ್ಷಗಳ ಬಳಿಕ 2011ರ ಜುಲೈಯಲ್ಲಿ ಬಾಗಿಲು ಮುಚ್ಚಿತು. 2002ರಲ್ಲಿ ಕಾಣೆಯಾಗಿ ಕೊಲೆಯಾದ 13ರ ಹರೆಯದ ಮಿಲ್ಲಿ ಡೌಲರ್ ಎಂಬ ಬಾಲಕಿಯ ಫೋನಿಗೆ ಆಪ್ತರು ಬಿಟ್ಟಿದ್ದ ಧ್ವನಿ ಸಂದೇಶಗಳನ್ನು ಆ ಪತ್ರಿಕೆಗಾಗಿ ಕದ್ದು ಕೇಳಲಾಗಿತ್ತೆಂಬುದು ಬಯಲಾದುದೇ ಇದಕ್ಕೆ ಕಾರಣ. ಇಂತಹ ಕಳ್ಳತನಕ್ಕೆ ಮಹಾ ವಿದ್ಯೆಯೇನೂ ಬೇಕಿರಲಿಲ್ಲ. ವಾಯ್ಸ್ ಮೇಲ್‌ಗೆ ಕಂಪೆನಿ ಕೊಟ್ಟ ಮೊದಲ ಗುಪ್ತಸಂಖ್ಯೆಯನ್ನು ಅನೇಕರು ಬದಲಿಸುತ್ತಲೇ ಇರಲಿಲ್ಲ. 0000 ಅಥವಾ 1234 ಒತ್ತಿದರೆ ಸಾಕಿತ್ತು.

ವಾಯ್ಸ್ ಮೇಲ್ ನಮ್ಮಲ್ಲಿ ಅಷ್ಟೇನೂ ಬಳಕೆಯಲ್ಲಿಲ್ಲ, ನಿಜ. ಆದರೆ ಕಳ್ಳರು ಅದನ್ನು ಕೇವಲ ಮಾತು ಕೇಳಲು ಬಳಸುತ್ತಿಲ್ಲ. ನಡುರಾತ್ರಿ ವಾಟ್ಸ್‌ಆ್ಯಪ್‌ನ ದೃಢೀಕರಣ ಕರೆ ಬರುವಂತೆ ಮಾಡುತ್ತಾರೆ. ಮಲಗಿದವರು ಎತ್ತುವುದಿಲ್ಲ. ಸಂಕೇತ ಸಂಖ್ಯೆ ವಾಯ್ಸ್ ಮೇಲ್‌ಗೆ ಸೇರುತ್ತದೆ, ಅಲ್ಲಿಂದ ಕಳ್ಳನ ಕೈಗೆ. 2018ರಲ್ಲೇ ಇಸ್ರೇಲಿನ ಸೈಬರ್ ಭದ್ರತಾ ಸಂಸ್ಥೆ ಈ ಬಗ್ಗೆ ಎಚ್ಚರಿಸಿತ್ತು. ನಮ್ಮಲ್ಲಿ ಕೊರಿಯರ್‌ನವರೆಂದೋ ಫೋನ್ ಕಂಪೆನಿಯವರೆಂದೋ ಹೇಳಿಕೊಂಡು *401* ಜೊತೆಗೆ ಒಂದು ನಂಬರ್ ಒತ್ತಿಸುತ್ತಾರೆ. ಆ ಬಳಿಕ ನಿಮ್ಮ ಕರೆಗಳೆಲ್ಲ ಅವರಿಗೆ. ಇದರ ಹಾವಳಿಯಿಂದಾಗಿ ದೂರಸಂಪರ್ಕ ಇಲಾಖೆಯು 2024ರ ಎಪ್ರಿಲ್ 15ರಿಂದ ಆ ಸೌಲಭ್ಯವನ್ನೇ ತಡೆಹಿಡಿಯಲು ಆದೇಶಿಸಿತ್ತು. *#21# ಒತ್ತಿದರೆ ಕರೆಗಳು ಬೇರೆಡೆಗೆ ತಿರುಗಿವೆಯೇ ಎಂದು ತಿಳಿಯುತ್ತದೆ. ##002# ಒತ್ತಿದರೆ ರದ್ದಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಎರಡು ಹಂತದ ದೃಢೀಕರಣದ ಆರಂಕಿ ಪಿನ್ ಇಟ್ಟುಕೊಳ್ಳುವುದಕ್ಕೆ ಎರಡು ನಿಮಿಷವೂ ಬೇಡ.

ಇಷ್ಟನ್ನೂ ನಾವು ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಹಾಸ್ಟೆಲಿನಲ್ಲಿರುವ ಮಗಳ ಖಾತೆ ಕಳ್ಳರ ಪಾಲಾಗಿ, ಅವಳ ಹೆಸರಿನಲ್ಲಿ ಹಣ ಕೇಳಿದ ಅಥವಾ ಕೆಟ್ಟ ಸಂದೇಶ ಹೋದ ಸುದ್ದಿ ಊರಿಗೆ ತಲುಪಿತೆನ್ನಿ. ನಮ್ಮ ಎಷ್ಟು ಮನೆಗಳಲ್ಲಿ ಮೊದಲ ಪ್ರಶ್ನೆ ‘ಕಳ್ಳ ಯಾರು?’ ಎಂದಾಗಿರುತ್ತದೆ? ಫೋನ್ ಕಸಿದುಕೊಳ್ಳಲಾಗುತ್ತದೆ, ಕೆಲವೊಮ್ಮೆ ಓದೂ ನಿಲ್ಲುತ್ತದೆ. ಮನೆಗೆ ಕನ್ನ ಹಾಕಿದಾಗ ಮನೆಯೊಡೆಯನಿಗೆ ಶಿಕ್ಷೆ ವಿಧಿಸುವ ನ್ಯಾಯವಿದು. ಇದಕ್ಕೆ ಹೆದರಿಯೇ ಹುಡುಗಿಯರು ಮೌನವಾಗಿರುತ್ತಾರೆ. ಬೆದರಿಸುವವನಿಗೆ ಬೇಕಾದುದೂ ಅದೇ. (ಗಂಡುಮಕ್ಕಳ ಖಾತೆಯೂ ಹೋಗುತ್ತದೆ. ಅವರನ್ನು ಯಾರೂ ಕಾಲೇಜು ಬಿಡಿಸುವುದಿಲ್ಲ.)

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಕೇಂದ್ರ ಸರಕಾರದ ಸೈಬರ್ ಅಪರಾಧ ತಾಣದಲ್ಲಿ ಮಹಿಳೆಯರ ಮತ್ತು ಮಕ್ಕಳ ವಿರುದ್ಧದ ಕೃತ್ಯಗಳ ಬಗ್ಗೆ ಹೆಸರು ಹೇಳದೆಯೂ ದೂರಬಹುದು. ವಿಶ್ವವಿದ್ಯಾನಿಲಯಗಳು ಶುಲ್ಕದ ರಶೀದಿಯ ಜೊತೆಗೇ ಈ ಮಾಹಿತಿಯನ್ನೂ ಕೊಡಲಿ. ವಿದ್ಯಾರ್ಥಿಗಳ ಮೊಬೈಲ್ ಸಂಖ್ಯೆಗಳನ್ನು ಸೂಚನಾ ಫಲಕಕ್ಕೆ ಅಂಟಿಸುವ ಅಭ್ಯಾಸವಿದ್ದರೆ ಅದನ್ನು ಈ ವರ್ಷವೇ ಬಿಡಲಿ.