ಕುಬುಸಕ್ಕೆ ಮೊದಲೇ ಆಗಬೇಕಾದ ಪರೀಕ್ಷೆ

ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಸೀಮೆಯಲ್ಲಿ ಚೊಚ್ಚಲ ಬಸುರಿಗೆ ಕುಬುಸ ಮಾಡಿ ತವರಿಗೆ ಕರೆದೊಯ್ಯುವುದು ವಾಡಿಕೆ. 'ಸ್ಕ್ಯಾನಿಂಗ್ ಏನಿದ್ದರೂ ತವರಿನಲ್ಲಿ ನೋಡಿಕೊಂಡರಾಯಿತು' ಎನ್ನುವ ಮನೆಗಳೂ ಉಂಟು. ಆದರೆ ಮಗುವಿನ ಬೆನ್ನೆಲುಬಿನ ಮಟ್ಟಿಗೆ ಏಳನೇ ತಿಂಗಳೆಂದರೆ ಬಹಳ ತಡ.

ಬೆನ್ನುಹುರಿಯಾಗಿ ಬೆಳೆಯುವ ನಾಳ ಗರ್ಭ ಕಟ್ಟಿದ 28 ದಿನಗಳಲ್ಲಿ ಮುಚ್ಚಿಕೊಳ್ಳಬೇಕು. ಎಷ್ಟೋ ತಾಯಂದಿರಿಗೆ ತಾವು ಬಸುರಿ ಎಂಬುದೇ ಆಗಿನ್ನೂ ಖಚಿತವಾಗಿರುವುದಿಲ್ಲ. ನಾಳ ಮುಚ್ಚದೆ ಉಳಿದರೆ ಅದು 'ಸ್ಪೈನಾ ಬೈಫಿಡಾ'. ಇದಕ್ಕಿಂತ ಅಪರೂಪದ ದೋಷಗಳೂ ಇವೆ: ಬೆನ್ನುಮೂಳೆಯ ಒಂದು ಮಣಿ ಅರ್ಧವೇ ಬೆಳೆಯುವುದು, ಹುರಿ ಸೀಳಿ ಎರಡಾಗುವುದು, ಬೆನ್ನಿನ ಕೆಳತುದಿಯ ಮೂಳೆಯೇ ಮೂಡದಿರುವುದು. ಈ ಕೊನೆಯದು, ಬಸಿರಿಗೆ ಮೊದಲೇ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳಲ್ಲಿ ಹೆಚ್ಚು.

ಇವೆಲ್ಲ ಹೊರಗಿನಿಂದ ಕಾಣುವುದು ಹೇಗೆ? ನಮ್ಮ ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಯಂತ್ರ ಗರ್ಭದೊಳಕ್ಕೆ ಕಳುಹಿಸುತ್ತದೆ. ಮೂಳೆಗೆ ಬಡಿದು ಮರಳಿದ ಅಲೆ ತೆರೆಯ ಮೇಲೆ ಬೆಳ್ಳಗೆ ಮೂಡುತ್ತದೆ. ನೀರಿರುವ ಜಾಗ ಕಪ್ಪಾಗಿ ಕಾಣುತ್ತದೆ. ಸರಿಯಾದ ಬೆನ್ನೆಲುಬು ರೈಲು ಹಳಿಯಂತೆ ಎರಡು ಬಿಳಿ ಸಾಲು. ಅರ್ಧ ಮಣಿಯಿದ್ದಲ್ಲಿ ಹಳಿ ಸೊಟ್ಟಗಾಗುತ್ತದೆ. ಸೀಳಿದ ಹುರಿಯ ನಡುವೆ ಮೂಳೆಯ ಮುಳ್ಳಿದ್ದರೆ ಅಲ್ಲೊಂದು ಹೆಚ್ಚಿನ ಬಿಳಿ ಚುಕ್ಕೆ ಕಾಣುತ್ತದೆ. ಸ್ಪೈನಾ ಬೈಫಿಡಾದ ಸುಳಿವು ತಲೆಯಲ್ಲೂ ಸಿಗುತ್ತದೆಂದು 1986ರಲ್ಲಿ ಲಂಡನ್ನಿನ ನಿಕೊಲೈಡಿಸ್ ಮತ್ತು ಸಂಗಡಿಗರು ತೋರಿಸಿದರು: ತಲೆಬುರುಡೆ ನಿಂಬೆಹಣ್ಣಿನಂತೆ, ಕಿರುಮಿದುಳು ಬಾಳೆಹಣ್ಣಿನಂತೆ!

ಇದನ್ನು ನೋಡಲು ತಕ್ಕ ಕಾಲ 18ರಿಂದ 20ನೇ ವಾರ, ಅಂದರೆ ಐದನೇ ತಿಂಗಳು. ದೋಷ ಕಂಡಿತೆಂದರೆ ಎಲ್ಲವೂ ಮುಗಿಯಿತೆಂದಲ್ಲ. ಒಂದೇ ಅರ್ಧ ಮಣಿಯಿರುವ ಎಷ್ಟೋ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ಮೊದಲೇ ಗೊತ್ತಾದರೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಗೆ ಏರ್ಪಾಡು ಮಾಡಿಕೊಳ್ಳಬಹುದು. ದೋಷ ತೀವ್ರವಾಗಿದ್ದರೆ ಮುಂದೇನು ಎಂದು ತಾಯಿ ಯೋಚಿಸಲೂ ಸಮಯ ಬೇಕು. 2021ರ ತಿದ್ದುಪಡಿಯಂತೆ, 24 ವಾರ ದಾಟಿದ ಮೇಲೆ ಇಂಥ ದೋಷಕ್ಕಾಗಿ ಗರ್ಭಪಾತಕ್ಕೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಅಗತ್ಯ. ಇದೇ ಯಂತ್ರದಿಂದ ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯ್ದೆಯಡಿ ಅಪರಾಧ ಎಂಬುದು ನೆನಪಿರಲಿ.

ಸ್ಪೈನಾ ಬೈಫಿಡಾವನ್ನು ಬಹುಮಟ್ಟಿಗೆ ತಡೆಯಲೂಬಹುದು. ಒಮ್ಮೆ ಇಂಥ ಮಗುವನ್ನು ಹೊತ್ತ ತಾಯಂದಿರು ಫೋಲಿಕ್ ಆಮ್ಲ ಸೇವಿಸಿದರೆ ಅದು ಮರುಕಳಿಸುವ ಸಂಭವ ಶೇ. 72ರಷ್ಟು ಕಡಿಮೆಯಾಗುತ್ತದೆಂದು 1991ರಲ್ಲಿ ಸಾಬೀತಾಯಿತು. ಸೊಪ್ಪು, ಕಾಳುಗಳಲ್ಲಿ ಇದು ಇದೆ. ಆದರೆ ಅಷ್ಟೇ ಸಾಲದು. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಬಸಿರಿಗೆ ಒಂದು ತಿಂಗಳು ಮೊದಲೇ, ವೈದ್ಯರನ್ನು ಕೇಳಿ, ಮಾತ್ರೆ ಶುರು ಮಾಡಬೇಕು.

ಮಾತ್ರೆ ಬಸಿರಿಗೆ ಮೊದಲು, ಸ್ಕ್ಯಾನಿಂಗ್ ಐದನೇ ತಿಂಗಳಲ್ಲಿ. ಕುಬುಸದ ಸಂಭ್ರಮ ಆಮೇಲೆ ಇದ್ದೇ ಇದೆ.